ಒಂದೇ ದೇಹದ ಜಮಾ–ಖರ್ಚು: ಪೋಷಣೆ ಮತ್ತು ವ್ಯಾಯಾಮ ವಿಜ್ಞಾನದ ಜೋಡಿ ಪದವಿ ಎಂದರೇನು?

ದ್ವಿತೀಯ ಪಿಯುಸಿ ಮುಗಿಸಿ, ಜೀವಶಾಸ್ತ್ರವನ್ನು ಬಿಡಲು ಮನಸ್ಸಿಲ್ಲದೆ, ವೈದ್ಯಕೀಯ ಸೀಟಿಗಾಗಿ ಇನ್ನೊಂದು ವರ್ಷ ಕಾಯಲೂ ಒಪ್ಪದೆ ಇರುವ ವಿದ್ಯಾರ್ಥಿಗಳು ನೋಡುವ ಕೋರ್ಸುಗಳ ಪಟ್ಟಿಯಲ್ಲಿ ಈಗ ‘ನ್ಯೂಟ್ರಿಷನ್ ಅಂಡ್ ಎಕ್ಸರ್‌ಸೈಸ್ ಸೈನ್ಸ್’ ಎಂಬ ಉದ್ದನೆಯ ಹೆಸರೂ ಇರುತ್ತದೆ. ವಿದೇಶಿ ವಿಶ್ವವಿದ್ಯಾಲಯಗಳ ಮಾಹಿತಿ ಪುಸ್ತಿಕೆಗಳಲ್ಲಾದರೆ ಅದರ ಪಕ್ಕದಲ್ಲಿ ‘ಬಿ.ಎಸ್./ಎಂ.ಎಸ್., ಐದು ವರ್ಷ’, ಅಂದರೆ ಸ್ನಾತಕ ಮತ್ತು ಸ್ನಾತಕೋತ್ತರ ಪದವಿ ಎರಡೂ ಒಟ್ಟಿಗೆ, ಎಂದು ಬರೆದಿರುವುದೂ ಉಂಟು. ಪೋಷಣೆ ಎಂದರೆ ಅಡುಗೆಮನೆಯ ಕಡೆಯದು, ವ್ಯಾಯಾಮ ಎಂದರೆ ಮೈದಾನದ ಕಡೆಯದು ಎಂದು ತಿಳಿದು ಬೆಳೆದ ನಮಗೆ, ಇವೆರಡನ್ನು ಒಂದೇ ಪದವಿಯಲ್ಲಿ ಏಕೆ ಕಟ್ಟಿದ್ದಾರೆ, ಆರು ವರ್ಷದ ಓದು ಐದರಲ್ಲಿ ಹೇಗೆ ಮುಗಿಯುತ್ತದೆ, ಮುಗಿಸಿದವರು ಕೊನೆಗೆ ಏನಾಗುತ್ತಾರೆ ಎಂಬುದು ಸುಲಭವಾಗಿ ಹೊಳೆಯುವುದಿಲ್ಲ.

ಈ ಪ್ರಶ್ನೆಗಳು ಈಗ ಮುಖ್ಯವಾಗಿರುವುದಕ್ಕೆ ಈಚಿನ ಮೂರು ನಿರ್ಧಾರಗಳು ಕಾರಣ. ಅಮೆರಿಕದಲ್ಲಿ ನೋಂದಾಯಿತ ಡಯಟೀಷಿಯನ್, ಅಂದರೆ ರೋಗಿಗಳಿಗೆ ಪಥ್ಯ ಬರೆದುಕೊಡುವ ಆಹಾರತಜ್ಞ, ಆಗುವ ಪರೀಕ್ಷೆಗೆ ಕೂರಲು 2024ರ ಜನವರಿ 1ರಿಂದ ಸ್ನಾತಕೋತ್ತರ ಪದವಿ ಕಡ್ಡಾಯವಾಯಿತು. ಅದೇ ವರ್ಷ ಕರ್ನಾಟಕ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು, 2024-25ನೇ ಸಾಲಿನಿಂದ ಮೂರು ವರ್ಷದ ಪದವಿಗೆ ಮರಳಿತು. 2025ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಆಹಾರ ಮತ್ತು ಪೋಷಣಾ ವಿಜ್ಞಾನವೂ ಸೇರಿದಂತೆ ಆರೋಗ್ಯಕ್ಕೆ ಸಂಬಂಧಿಸಿದ ಹಲವು ವಿಷಯಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸುವುದನ್ನು ಆ ವರ್ಷದ ಜುಲೈ–ಆಗಸ್ಟ್ ಪ್ರವೇಶಾತಿಯಿಂದಲೇ ನಿಲ್ಲಿಸುವಂತೆ ಸೂಚಿಸಿತು. ಬೇರೆ ಬೇರೆ ಕಡೆ ಬೇರೆ ಬೇರೆ ಉದ್ದೇಶದಿಂದ ಆದ ಈ ಮೂರೂ ತೀರ್ಮಾನಗಳು, ಈ ದಾರಿ ಹಿಡಿಯಲು ಹೊರಟ ವಿದ್ಯಾರ್ಥಿಯ ಲೆಕ್ಕಾಚಾರವನ್ನು ನೇರವಾಗಿ ಬದಲಿಸುತ್ತವೆ.

ಒಂದೇ ಕೋಣೆಯಲ್ಲಿ ಹುಟ್ಟಿ, ಬೇರೆ ಕಾಂಪೌಂಡುಗಳಲ್ಲಿ ಬೆಳೆದದ್ದು

ಎರಡು ಶಾಸ್ತ್ರಗಳ ಈ ಜೋಡಣೆ ಹೊಸ ಆಲೋಚನೆಯೇನೂ ಅಲ್ಲ. 1890ರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಅಟ್‌ವಾಟರ್ ಎಂಬ ವಿಜ್ಞಾನಿ, ಮನುಷ್ಯನೊಬ್ಬ ಒಳಗೆ ಕೂತು, ಉಂಡು, ಮಲಗಿ ದಿನಗಟ್ಟಲೆ ಇರಬಹುದಾದ ಪುಟ್ಟ ಕೋಣೆಯೊಂದನ್ನು ಸಹೋದ್ಯೋಗಿಗಳೊಂದಿಗೆ ನಿರ್ಮಿಸಿದರು. ಒಳಗಿರುವವನು ತಿಂದದ್ದನ್ನು ತೂಗುತ್ತಿದ್ದರು. ಅವನ ದೇಹ ಹೊರಚೆಲ್ಲಿದ ಶಾಖವನ್ನೂ ಬಿಟ್ಟ ಉಸಿರನ್ನೂ ಅಳೆಯುತ್ತಿದ್ದರು. ಸುಮ್ಮನೆ ಕೂತಾಗ ಎಷ್ಟು, ಅಲ್ಲೇ ಇಟ್ಟ ಸೈಕಲ್ಲಿನ ಪೆಡಲು ತುಳಿದಾಗ ಎಷ್ಟು ಎಂದು ಹೋಲಿಸುತ್ತಿದ್ದರು. ಒಂದು ಗ್ರಾಂ ಶರ್ಕರಪಿಷ್ಟ ಅಥವಾ ಪ್ರೋಟೀನಿನಿಂದ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ಎಂದು ಇಂದಿಗೂ ಬಿಸ್ಕತ್ತಿನ ಪೊಟ್ಟಣದ ಹಿಂಬದಿಯ ಲೆಕ್ಕಕ್ಕೆ ಆಧಾರವಾಗಿರುವ ಅಂಕಿಗಳು ಅಟ್‌ವಾಟರ್ ಅವರ ಕೆಲಸದಿಂದಲೇ ಬಂದವು. (ಇಲ್ಲಿ ಮತ್ತು ಮುಂದೆ ಕ್ಯಾಲೊರಿ ಎಂದರೆ ವಿಜ್ಞಾನದವರು ಕಿಲೋಕ್ಯಾಲೊರಿ ಎನ್ನುವ ಅಳತೆ: ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖ.) ಊಟ ಮತ್ತು ದುಡಿಮೆ ಎರಡನ್ನೂ ಅಲ್ಲಿ ಒಂದೇ ಕೋಣೆಯಲ್ಲಿ, ಒಂದೇ ಪುಸ್ತಕದಲ್ಲಿ ಬರೆದಿಡಲಾಗುತ್ತಿತ್ತು.

ಅವು ಬೇರೆಯಾದದ್ದು ಕಾಲೇಜುಗಳ ವ್ಯವಸ್ಥೆಯಿಂದ. ಆಹಾರದ ಅಧ್ಯಯನ ಗೃಹವಿಜ್ಞಾನ ವಿಭಾಗಗಳಿಗೆ ಹೋಯಿತು. ಅಲ್ಲಿ ಓದುವವರು ಬಹುಪಾಲು ಮಹಿಳೆಯರಾಗಿದ್ದರು. ವ್ಯಾಯಾಮದ ಅಧ್ಯಯನ, ಶಾಲೆಗಳಿಗೆ ಪಿ.ಟಿ. ಮೇಷ್ಟರನ್ನು ತಯಾರು ಮಾಡುವ ದೈಹಿಕ ಶಿಕ್ಷಣ ವಿಭಾಗಗಳಿಗೆ ಹೋಯಿತು. ಆಹಾರತಜ್ಞರ ಸಂಘ ಅಮೆರಿಕದಲ್ಲಿ 1917ರಲ್ಲಿ ಸ್ಥಾಪನೆಯಾದರೆ, ವ್ಯಾಯಾಮ ಮತ್ತು ಕ್ರೀಡಾ ವೈದ್ಯಕೀಯದವರ ‘ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ ಪ್ರತ್ಯೇಕವಾಗಿ 1954ರಲ್ಲಿ ಬಂತು. ನಮ್ಮಲ್ಲೂ ಕಥೆ ಬೇರೆಯಲ್ಲ. ಪೋಷಣೆಯನ್ನು ಓದಬೇಕೆಂದವರು ಬೆಂಗಳೂರಿನ ವಿ.ಎಚ್.ಡಿ. ಗೃಹವಿಜ್ಞಾನ ಸಂಸ್ಥೆಯಂಥ ಕಾಲೇಜಿಗೆ ಸೇರುತ್ತಿದ್ದರು, ಕ್ರೀಡೆಯನ್ನು ಓದಬೇಕೆಂದವರು ಬಿ.ಪಿ.ಎಡ್. ಮಾಡುತ್ತಿದ್ದರು, ಒಬ್ಬರ ತರಗತಿಯಲ್ಲಿ ನಡೆಯುವುದು ಇನ್ನೊಬ್ಬರಿಗೆ ಗೊತ್ತಾಗುವ ಸಂಭವವೇ ಇರಲಿಲ್ಲ. ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನಲ್ಲಿ ಇವೆರಡನ್ನೂ ಕಲಿಸುವ ವಿಭಾಗದ ಹೆಸರು ‘ಕುಟುಂಬ, ಪೋಷಣೆ ಮತ್ತು ವ್ಯಾಯಾಮ ವಿಜ್ಞಾನಗಳ ವಿಭಾಗ’ ಎಂದಿದೆ. ಆ ‘ಕುಟುಂಬ’ ಎಂಬ ಪದ ಗೃಹವಿಜ್ಞಾನದ ಹಳೆಯ ಮನೆಯ ಗುರುತೆಂದೇ ನನಗೆ ತೋರುತ್ತದೆ.

ತಟ್ಟೆಯನ್ನಷ್ಟೇ ನೋಡಿದರೆ ಏಕೆ ಸಾಲದು

ಮತ್ತೆ ಜೋಡಿಸಬೇಕಾದ ಅಗತ್ಯವನ್ನು ತಿಳಿಯಲು ಒಂದು ಲೆಕ್ಕ ಮಾಡಿ ನೋಡುವುದೇ ಸುಲಭದ ದಾರಿ. ದಿನಕ್ಕೆ 14 ಕಿಲೋಮೀಟರ್ ಓಡುವ, 50 ಕಿಲೋ ತೂಕದ ಒಬ್ಬ ಓಟಗಾರ್ತಿಯನ್ನು ಕಲ್ಪಿಸಿಕೊಳ್ಳೋಣ. ಆಕೆಯ ಮೈಯಲ್ಲಿ 10 ಕಿಲೋ ಕೊಬ್ಬು ಇದೆ; ಉಳಿದ 40 ಕಿಲೋದಲ್ಲಿ ಸ್ನಾಯು, ಮೂಳೆ, ನೀರು, ಅಂಗಾಂಗಗಳೆಲ್ಲ ಸೇರಿವೆ. ಆಕೆ ದಿನಕ್ಕೆ 1,800 ಕ್ಯಾಲೊರಿಯಷ್ಟು ಊಟ ಮಾಡುತ್ತಾಳೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನೀಡಿದ ಶಿಫಾರಸಿನ ಪ್ರಕಾರ, ಹೆಚ್ಚು ಮೈಕೆಲಸವಿಲ್ಲದ 55 ಕಿಲೋ ತೂಕದ ಮಹಿಳೆಗೆ ದಿನಕ್ಕೆ 1,660 ಕ್ಯಾಲೊರಿ ಬೇಕು. ಹಾಗಾದರೆ ಈ ಹುಡುಗಿ ಸಾಕಷ್ಟು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ತಿನ್ನುತ್ತಿದ್ದಾಳೆ ಎಂದು ತಟ್ಟೆಯನ್ನಷ್ಟೇ ನೋಡಿದವರು ಹೇಳಿಬಿಡುತ್ತಾರೆ.

ಈಗ ಖರ್ಚಿನ ಪುಟ ತೆರೆಯೋಣ. ಓಟದಲ್ಲಿ ಒಂದು ಕಿಲೋ ದೇಹತೂಕವನ್ನು ಒಂದು ಕಿಲೋಮೀಟರ್ ಸಾಗಿಸಲು ಸ್ಥೂಲವಾಗಿ ಒಂದು ಕ್ಯಾಲೊರಿ ವ್ಯಯವಾಗುತ್ತದೆ. 50 ಕಿಲೋ, 14 ಕಿಲೋಮೀಟರ್ ಎಂದರೆ 700 ಕ್ಯಾಲೊರಿ. 1,800ರಲ್ಲಿ 700 ಕಳೆದರೆ ಉಳಿಯುವುದು 1,100. ಹೃದಯ ಬಡಿಯಲು, ಮೂಳೆ ಬಲಿಯಲು, ರಕ್ತ ತಯಾರಾಗಲು, ಮುಟ್ಟಿನ ಚಕ್ರ ನಡೆಯಲು, ಓದಿ ಬರೆಯಲು, ಎಲ್ಲಕ್ಕೂ ಇಷ್ಟೇ. ಇದನ್ನು ಕೊಬ್ಬು ಬಿಟ್ಟು ಉಳಿದ 40 ಕಿಲೋಗೆ ಹಂಚಿದರೆ ಕಿಲೋಗೆ 27.5 ಕ್ಯಾಲೊರಿ ಬರುತ್ತದೆ. ಈ ಅಂಕಿಯನ್ನು ಕ್ರೀಡಾ ಪೋಷಣೆಯಲ್ಲಿ ‘ಲಭ್ಯ ಶಕ್ತಿ’ ಎನ್ನುತ್ತಾರೆ. ಅದು 45ರ ಆಸುಪಾಸಿನಲ್ಲಿದ್ದರೆ ದೇಹದ ಕೆಲಸಗಳು ಸಲೀಸಾಗಿ ನಡೆಯುತ್ತವೆ. 30ಕ್ಕಿಂತ ಕೆಳಗೆ ಬಹುಕಾಲ ಇದ್ದರೆ ಮುಟ್ಟು ನಿಲ್ಲುವುದು, ಮೂಳೆ ಸವೆದು ಸೀಳು ಬಿಡುವುದು, ಪದೇ ಪದೇ ಕಾಯಿಲೆ ಬೀಳುವುದು ಕಾಣಿಸಿಕೊಳ್ಳಬಹುದು. 30 ಎಂಬುದು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ ಗೆರೆಯಲ್ಲ, ಎಚ್ಚರಿಕೆಯ ಗುರುತು ಮಾತ್ರ. ಆದರೂ ನಮ್ಮ ಓಟಗಾರ್ತಿ 45ನ್ನು ಮುಟ್ಟಬೇಕಾದರೆ ದಿನಕ್ಕೆ 2,500 ಕ್ಯಾಲೊರಿ ತಿನ್ನಬೇಕು. ಅಂದರೆ ಆಕೆ ಓಡಿದಷ್ಟನ್ನೂ, ಅಂದರೆ ಪೂರಾ 700 ಕ್ಯಾಲೊರಿಯನ್ನು, ಪ್ರತಿದಿನ ತನ್ನ ದೇಹದಿಂದಲೇ ಸಾಲ ಪಡೆಯುತ್ತಿದ್ದಾಳೆ.

ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ‘ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿಯ ಕೊರತೆ’ ಎಂಬ ಅರ್ಥದ ಹೆಸರು ಕೊಟ್ಟಿತು. ಪುರುಷರಿಗೂ ಇದು ತಪ್ಪಿದ್ದಲ್ಲ ಎಂದು ಸೇರಿಸಿತು. ‘ಸಾಪೇಕ್ಷ’ ಎಂಬ ಪದವೇ ಇಲ್ಲಿ ಮುಖ್ಯ. ಊಟ ಕಡಿಮೆಯೋ ಹೆಚ್ಚೋ ಎಂಬುದು ತಟ್ಟೆಯಲ್ಲಿ ತೀರ್ಮಾನವಾಗುವುದಿಲ್ಲ, ದುಡಿಮೆಯ ಎದುರು ಇಟ್ಟು ನೋಡಿದಾಗಲೇ ತಿಳಿಯುತ್ತದೆ. ಗಡಿಯಾರ ಹಿಡಿದ ತರಬೇತುದಾರರಿಗೆ ಆಕೆಯ ಓಟ ನಿಧಾನವಾದದ್ದು ಕಾಣುತ್ತದೆ. ಅವರು ಇನ್ನೆರಡು ಕಿಲೋಮೀಟರ್ ಹೆಚ್ಚು ಓಡಿಸುತ್ತಾರೆ. ಆಹಾರತಜ್ಞೆಗೆ 1,800 ಕಾಣುತ್ತದೆ. ಅವರು ಸರಿಯಾಗಿದೆ ಎನ್ನುತ್ತಾರೆ. ಇಬ್ಬರೂ ತಮ್ಮ ಪಾಠದ ಪ್ರಕಾರ ಸರಿಯಾಗಿಯೇ ನಡೆದಿದ್ದಾರೆ; ಜಮೆ ಒಬ್ಬರ ಕೈಯಲ್ಲಿ, ಖರ್ಚು ಇನ್ನೊಬ್ಬರ ಕೈಯಲ್ಲಿ ಇರುವುದರಿಂದ ಖಾತೆ ತೀರುತ್ತಿರುವುದು ಇಬ್ಬರಿಗೂ ಕಾಣುವುದಿಲ್ಲ.

ಕ್ರೀಡಾಪಟುಗಳಿಗೆ ಮಾತ್ರ ಸೀಮಿತವಾದ ಮಾತೂ ಇದಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ, ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ ಎಂದು ಅಂದಾಜಿಸಿತು. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ಸಕ್ಕರೆ ಕಾಯಿಲೆಯವರಿಗೆ ನಡೆಯಿರಿ ಎಂದು ಹೇಳುವುದರ ಹಿಂದೆ ಈ ಗುಣವೂ ಇದೆ. ಆದರೆ ಇನ್ಸುಲಿನ್ ಚುಚ್ಚಿಕೊಂಡು, ತಿಂಡಿ ತಿನ್ನದೆ, ಬೆಳಗ್ಗೆ ಗಂಟೆಗಟ್ಟಲೆ ನಡೆದರೆ ಅದೇ ಗುಣ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಔಷಧ, ತಿಂಡಿ, ನಡಿಗೆ ಮೂರರ ಹೊತ್ತನ್ನೂ ಒಟ್ಟಿಗೆ ಹೊಂದಿಸಬಲ್ಲವರು ಬೇಕು.

ತರಗತಿಯಲ್ಲಿ ನಡೆಯುವುದೇನು

ಮೊದಲೆರಡು ವರ್ಷಗಳಲ್ಲಿ ವಿದ್ಯಾರ್ಥಿ ಊಟದ ಬಗೆಗೂ ಆಟದ ಬಗೆಗೂ ಹೆಚ್ಚೇನೂ ಕೇಳುವುದಿಲ್ಲ ಎಂದರೆ ಕೆಲವರಿಗೆ ನಿರಾಸೆಯಾಗಬಹುದು. ರಸಾಯನ ವಿಜ್ಞಾನ, ಜೀವಶಾಸ್ತ್ರ, ಅಂಗರಚನೆ, ಶರೀರಕ್ರಿಯಾ ವಿಜ್ಞಾನ, ಸಂಖ್ಯಾಶಾಸ್ತ್ರ, ಆಮೇಲೆ ಜೀವರಸಾಯನ ವಿಜ್ಞಾನ: ಅಡಿಪಾಯವೆಲ್ಲ ಇವುಗಳದ್ದೇ. ಪಿಯುಸಿಯಲ್ಲಿ ರಸಾಯನ ಮತ್ತು ಜೀವಶಾಸ್ತ್ರ ಓದಿರಬೇಕೆಂದು ಕೇಳುವುದು ಇದಕ್ಕಾಗಿ. ಕ್ರೀಡೆಯ ಮೇಲಿನ ಪ್ರೀತಿಯೊಂದನ್ನೇ ನಂಬಿ ಬಂದವರು ಎಡವುವುದಿದ್ದರೆ ಅದು ಸಾಮಾನ್ಯವಾಗಿ ಜೀವರಸಾಯನ ವಿಜ್ಞಾನದ ಹೊಸ್ತಿಲಲ್ಲಿ.

ಆ ಅಡಿಪಾಯದ ಮೇಲೆ ಏಳುವ ಪಾಠ ಹೇಗಿರುತ್ತದೆ ಎನ್ನುವುದಕ್ಕೆ ಮ್ಯಾರಥಾನ್ ಒಳ್ಳೆಯ ಉದಾಹರಣೆ. ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯ ಪಿಷ್ಟ ಕೊನೆಗೆ ಗ್ಲೈಕೊಜೆನ್ ಎಂಬ ರೂಪದಲ್ಲಿ ದಾಸ್ತಾನಾಗುತ್ತದೆ: ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಗ್ರಾಂಗೆ 4ರಂತೆ ಒಟ್ಟು 2,000 ಕ್ಯಾಲೊರಿ. 60 ಕಿಲೋ ತೂಕದವನು 42.195 ಕಿಲೋಮೀಟರ್ ಓಡಲು 2,500ಕ್ಕೂ ಹೆಚ್ಚು ಕ್ಯಾಲೊರಿ ಬೇಕು. 30 ಕಿಲೋಮೀಟರ್ ದಾಟುತ್ತಿದ್ದಂತೆ ಕಾಲು ಕಲ್ಲಾದಂತೆ ಆಯಿತು ಎಂದು ಓಟಗಾರರು ಹೇಳುವುದರ ಹಿಂದೆ ಈ ಲೆಕ್ಕವಿದೆ. ಅದೇ ಮನುಷ್ಯನ ಮೈಯಲ್ಲಿ 9 ಕಿಲೋ ಕೊಬ್ಬು ಇದ್ದರೆ ಅದರಲ್ಲಿ ಸುಮಾರು 80,000 ಕ್ಯಾಲೊರಿ ಇದೆಯಲ್ಲ, ಅದು ಏಕೆ ಒದಗಿಬರುವುದಿಲ್ಲ? ಗ್ಲೈಕೊಜೆನ್ ಜೇಬಿನಲ್ಲಿರುವ ಹಣ, ಕೊಬ್ಬು ಊರಿನಲ್ಲಿರುವ ಜಮೀನು. ಎಷ್ಟೇ ಎಕರೆ ಇದ್ದರೂ ಪಹಣಿ ತೋರಿಸಿ ಬಸ್ ಟಿಕೆಟ್ ಕೊಳ್ಳಲಾಗುವುದಿಲ್ಲ. ಕೊಬ್ಬು ಕರಗಿ ಶಕ್ತಿಯಾಗುವ ಕ್ರಿಯೆ ನಿಧಾನದ್ದು, ಅಷ್ಟೇ ಶಕ್ತಿಗೆ ಹೆಚ್ಚು ಆಮ್ಲಜನಕವನ್ನೂ ಬೇಡುತ್ತದೆ. ಜೋರಾಗಿ ಓಡುವವನಿಗೆ ಅಷ್ಟು ವ್ಯವಧಾನವಿಲ್ಲ. ದೀರ್ಘಕಾಲದ ತರಬೇತಿ ದೇಹಕ್ಕೆ ಕೊಬ್ಬನ್ನು ಬೇಗ ಬಳಸುವ ಅಭ್ಯಾಸ ಮಾಡಿಸುತ್ತದೆ, ಓಟದ ಹಿಂದಿನ ದಿನಗಳ ಊಟ ಗ್ಲೈಕೊಜೆನ್ ಕಣಜವನ್ನು ತುಂಬಿಸುತ್ತದೆ. ಇದರಲ್ಲಿ ಎಲ್ಲಿಯವರೆಗೆ ಪೋಷಣೆ, ಎಲ್ಲಿಂದ ವ್ಯಾಯಾಮ ಎಂದು ಗೆರೆ ಎಳೆಯುವುದು ಕಷ್ಟ.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡುತ್ತಾರೆ. ಒಬ್ಬ ವಿದ್ಯಾರ್ಥಿ ಮುಖವಾಡ ತೊಟ್ಟು ಟ್ರೆಡ್‌ಮಿಲ್ ಮೇಲೆ ಓಡುತ್ತಾನೆ. ಉಳಿದವರು ಅವನು ಬಳಸಿದ ಆಮ್ಲಜನಕವನ್ನೂ ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಅಳೆಯುತ್ತಾರೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ 1ರ ಹತ್ತಿರ ಬಂದರೆ ದೇಹ ಪಿಷ್ಟವನ್ನು ಉರಿಸುತ್ತಿದೆ, 0.7ರ ಹತ್ತಿರ ಬಂದರೆ ಕೊಬ್ಬನ್ನು. ಓಡುತ್ತಿರುವವನನ್ನು ಮುಟ್ಟದೆ, ಬರೀ ಉಸಿರಿನಿಂದ ಒಳಗಿನ ಒಲೆಯಲ್ಲಿ ಯಾವ ಸೌದೆ ಉರಿಯುತ್ತಿದೆ ಎಂದು ಹೇಳಬಹುದು.

ಇದಕ್ಕೆ ಹೋಲಿಸಿದರೆ ಊಟದ ಅಳತೆ ಸರಳವೆಂದು ತೋರುತ್ತದೆ, ವಾಸ್ತವದಲ್ಲಿ ಅದೇ ಕಷ್ಟದ್ದು. ಎದುರಿಗೆ ಕೂತವರು ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿಂದರು ಎಂದು ಕೇಳಿ ಬರೆದುಕೊಳ್ಳುವ ಪದ್ಧತಿಯಿದೆ. ‘ಒಂದು ಮುದ್ದೆ ತಿಂದೆ’ ಎಂದರೆ ಎಷ್ಟು? ಮಂಡ್ಯದ ಮನೆಯ ಮುದ್ದೆ ಬೇರೆ, ಬೆಂಗಳೂರಿನ ಹೋಟೆಲಿನ ಮುದ್ದೆ ಬೇರೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳನ್ನು ವಿಶ್ಲೇಷಿಸಿ ಪ್ರಕಟಿಸಿದ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲೊರಿ ಎಂದಿದೆ. ಆದರೆ ಆ ಮುದ್ದೆಗೆ ಹೋದ ಹಿಟ್ಟು 60 ಗ್ರಾಮೋ 120 ಗ್ರಾಮೋ ಎಂಬುದನ್ನು ಕೋಷ್ಟಕ ಹೇಳಲಾರದು. ಜನ ತಾವು ತಿಂದದ್ದನ್ನು ಕಡಿಮೆ ಮಾಡಿ ಹೇಳುವುದೂ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಬೇಸರಿಸದೆ, ತಪ್ಪು ಹಿಡಿಯುವ ದನಿಯಿಲ್ಲದೆ ಕೇಳಿ ತಿಳಿಯುವುದನ್ನು ವಿದ್ಯಾರ್ಥಿಗಳಿಗೆ ಅಭ್ಯಾಸ ಮಾಡಿಸುವುದು ಆದ್ದರಿಂದಲೇ.

ತೂಕದ ಬಗ್ಗೆಯೂ ಒಂದು ಮಾತು. ಗ್ಲೈಕೊಜೆನ್ ಒಂಟಿಯಾಗಿ ಕೂರುವುದಿಲ್ಲ. ಒಂದು ಗ್ರಾಂ ಗ್ಲೈಕೊಜೆನ್ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಳ್ಳುತ್ತದೆ. ಒಂದೆರಡು ದಿನಗಳಲ್ಲಿ ಏರಿಳಿಯುವ ತೂಕ ಹೆಚ್ಚಾಗಿ ನೀರಿನದ್ದು ಮತ್ತು ಹೊಟ್ಟೆಯಲ್ಲಿರುವ ಆಹಾರದ್ದು, ಕೊಬ್ಬಿನದ್ದಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಆಗಸ್ಟ್ 6ರಂದು ಮೂರು ಕುಸ್ತಿ ಗೆದ್ದ ವಿನೇಶ್ ಫೋಗಟ್ ಅವರ ತೂಕ ಆ ಸಂಜೆ 50 ಕಿಲೋ ಮಿತಿಗಿಂತ 2.7 ಕಿಲೋ ಹೆಚ್ಚಿತ್ತೆಂದು ಭಾರತ ತಂಡದ ವೈದ್ಯರು ಹೇಳಿದ್ದರು. ರಾತ್ರಿಯಿಡೀ ಇಳಿಸಿದರೂ ಮರುದಿನ ಬೆಳಗ್ಗೆ ಉಳಿದ 100 ಗ್ರಾಂನಿಂದಾಗಿ ಅವರು ಫೈನಲ್ಲಿನಿಂದ ಅನರ್ಹರಾದರು. ಕುಸ್ತಿಗೆ ಬೇಕಾದ ಊಟ–ನೀರು ಕೊಟ್ಟು, ಮರುದಿನದ ತಕ್ಕಡಿಗೆ ಸರಿಹೊಂದುವಂತೆ ಮತ್ತೆ ಇಳಿಸುವ ಕೆಲಸ ಎಷ್ಟು ಸೂಕ್ಷ್ಮವಾದದ್ದು ಎಂಬುದು ಬಹಳ ಮಂದಿಗೆ ಅಂದು ಗೊತ್ತಾಯಿತು.

ಎರಡು ಮನೆಗೆ ಒಂದೇ ಗೋಡೆ

ಇನ್ನು ಐದು ವರ್ಷದ ಲೆಕ್ಕ. ಅಮೆರಿಕದಲ್ಲಿ ಓದನ್ನು ವರ್ಷಗಳಲ್ಲಿ ಅಳೆಯುವುದಕ್ಕಿಂತ ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ. ಒಂದು ಸೆಮಿಸ್ಟರ್ ಪೂರ್ತಿ ವಾರಕ್ಕೊಂದು ಗಂಟೆಯ ಪಾಠ ಮತ್ತು ಅದಕ್ಕೆ ತಕ್ಕ ಮನೆಯ ಓದು ಸೇರಿದರೆ ಸ್ಥೂಲವಾಗಿ ಒಂದು ಕ್ರೆಡಿಟ್. ಸ್ನಾತಕ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್, ಅಂದರೆ ಸೆಮಿಸ್ಟರಿಗೆ 15ರಂತೆ ನಾಲ್ಕು ವರ್ಷ. ಸ್ನಾತಕೋತ್ತರಕ್ಕೆ 30ರಿಂದ 36ರ ಆಸುಪಾಸು, ಬಿಡಿಯಾಗಿ ಓದಿದರೆ ಇನ್ನೆರಡು ವರ್ಷ.

ಜೋಡಿ ಪದವಿಯಲ್ಲಿ ಮೂರನೆಯ ವರ್ಷದ ಹೊತ್ತಿಗೆ ವಿದ್ಯಾರ್ಥಿ ಅರ್ಜಿ ಹಾಕುತ್ತಾನೆ. ಆಯ್ಕೆಯಾದರೆ ನಾಲ್ಕನೆಯ ವರ್ಷದಲ್ಲೇ ಸ್ನಾತಕೋತ್ತರ ಮಟ್ಟದ ಕೆಲವು ವಿಷಯಗಳನ್ನು ಓದುತ್ತಾನೆ, ಮತ್ತು ಆ ಕ್ರೆಡಿಟ್‌ಗಳನ್ನು ಎರಡೂ ಪದವಿಗಳ ಲೆಕ್ಕಕ್ಕೆ ಹಿಡಿಯಲಾಗುತ್ತದೆ. 120ಕ್ಕೆ 36 ಸೇರಿದರೆ 156. ಅದರಲ್ಲಿ 12 ಎರಡೂ ಕಡೆ ಸಂದರೆ ಓದಬೇಕಾದದ್ದು 144. ಎರಡು ಮನೆಗಳನ್ನು ಒತ್ತಾಗಿ ಕಟ್ಟಿ ನಡುವಿನ ಗೋಡೆಯನ್ನು ಒಂದೇ ಮಾಡಿದ ಹಾಗೆ. ಇಟ್ಟಿಗೆ ಉಳಿಯಿತು, ಮನೆ ಯಾವುದೂ ಕಿರಿದಾಗಲಿಲ್ಲ. ಆದರೆ ಆ ಗೋಡೆ ಎರಡು ಮಾಳಿಗೆಯ ಭಾರ ಹೊರಬೇಕು: ನಾಲ್ಕನೆಯ ವರ್ಷದಲ್ಲಿ, ಜೊತೆಯವರು ಓದನ್ನು ಹಗುರ ಮಾಡಿಕೊಳ್ಳುತ್ತಿರುವಾಗ, ಈ ವಿದ್ಯಾರ್ಥಿ ಹಿರಿಯರೊಂದಿಗೆ ಕೂತು ಸಂಶೋಧನಾ ಲೇಖನಗಳನ್ನು ಓದಿ ವಾದಿಸಬೇಕಾಗುತ್ತದೆ. ಅಂಕಗಳು ನಿಗದಿತ ಸರಾಸರಿಗಿಂತ ಕೆಳಗಿಳಿದರೆ, ಹೆಚ್ಚಿನ ಕಡೆ 4ಕ್ಕೆ 3 ಅಥವಾ ಅದಕ್ಕಿಂತ ಮೇಲೆ ಇರಬೇಕು, ಜೋಡಿ ಪದವಿಯ ಸ್ಥಾನ ತಪ್ಪಬಹುದು. ಶುಲ್ಕದಲ್ಲೂ ಒಂದು ಸೂಕ್ಷ್ಮವಿದೆ. ಹಂಚಿಕೆಯ ಕ್ರೆಡಿಟ್‌ಗಳಿಗೆ ಕೆಲವು ವಿಶ್ವವಿದ್ಯಾಲಯಗಳು ಸ್ನಾತಕ ದರವನ್ನೇ ವಿಧಿಸುವುದರಿಂದ ಹಣ ಉಳಿಯುತ್ತದೆ. ಮತ್ತೊಂದೆಡೆ, ಸ್ನಾತಕ ವಿದ್ಯಾರ್ಥಿಗೆಂದು ಕೊಟ್ಟ ವಿದ್ಯಾರ್ಥಿವೇತನ ಐದನೆಯ ವರ್ಷಕ್ಕೆ ಸಾಮಾನ್ಯವಾಗಿ ಮುಂದುವರಿಯುವುದಿಲ್ಲ.

ಪದವಿ ಬೇರೆ, ವೃತ್ತಿಯ ಮಾನ್ಯತೆ ಬೇರೆ

ಈ ಇಡೀ ವಿಷಯದಲ್ಲಿ ಹೆಚ್ಚು ಗೊಂದಲವಿರುವುದು ಇಲ್ಲಿ. ವಿಶ್ವವಿದ್ಯಾಲಯ ಕೊಡುವುದು ಪದವಿ. ಆಸ್ಪತ್ರೆಯಲ್ಲಿ ರೋಗಿಗೆ ಪಥ್ಯ ಬರೆದುಕೊಡುವ ಅಧಿಕಾರ ಬರುವುದು ಬೇರೊಂದು ಕಡೆಯಿಂದ. ಅಮೆರಿಕದಲ್ಲಿ ನೋಂದಾಯಿತ ಡಯಟೀಷಿಯನ್ ಆಗಲು ಸ್ನಾತಕೋತ್ತರ ಪದವಿಯ ಜೊತೆಗೆ, ಪೋಷಣೆಯ ಶಿಕ್ಷಣಕ್ಕೆ ಮಾನ್ಯತೆ ನೀಡುವ ಮಂಡಳಿ ಒಪ್ಪಿದ ಪಾಠಕ್ರಮವನ್ನು ಓದಿರಬೇಕು, ಅನುಭವಿಗಳ ಕೈಕೆಳಗೆ ಕನಿಷ್ಠ 1,000 ಗಂಟೆ ಕೆಲಸ ಮಾಡಿರಬೇಕು, ಆಮೇಲೆ ಪರೀಕ್ಷೆ ಪಾಸಾಗಬೇಕು. 2024ಕ್ಕೆ ಮುಂಚೆ ಇದಕ್ಕೆ ಸ್ನಾತಕ ಪದವಿ ಸಾಕಾಗಿತ್ತು. ನಿಯಮ ಬದಲಾದ ಮೇಲೆ ನಾಲ್ಕು ವರ್ಷಕ್ಕೆ ಇನ್ನೆರಡು ವರ್ಷ ಸೇರುವುದನ್ನು ತಪ್ಪಿಸಿಕೊಳ್ಳಬಯಸುವವರಿಗೆ ಐದು ವರ್ಷದ ಜೋಡಿ ಪದವಿ ಆಕರ್ಷಕವಾಗಿ ಕಾಣುವುದು ಸಹಜ.

ಇಲ್ಲೇ ಎಚ್ಚರ ಬೇಕಾದದ್ದು. ‘ಪೋಷಣೆ ಮತ್ತು ವ್ಯಾಯಾಮ ವಿಜ್ಞಾನ’ ಎಂಬ ಹೆಸರಿನ ಎಲ್ಲ ಪದವಿಗಳಿಗೂ ಆ ಮಾನ್ಯತೆ ಇರುವುದಿಲ್ಲ. ರೋಗಕ್ಕೆ ತಕ್ಕ ಪಥ್ಯ ಚಿಕಿತ್ಸೆ, ನೂರಾರು ಜನರಿಗೆ ಅಡುಗೆ ನಡೆಸುವ ವ್ಯವಸ್ಥೆ ಮುಂತಾದ ವಿಷಯಗಳು ಡಯಟೀಷಿಯನ್ ಪಾಠಕ್ರಮದಲ್ಲಿ ಕಡ್ಡಾಯ. ಜೋಡಿ ಪದವಿಯಲ್ಲಿ ಅವುಗಳ ಜಾಗವನ್ನು ವ್ಯಾಯಾಮದ ವಿಷಯಗಳು ತೆಗೆದುಕೊಂಡಿರಬಹುದು. ಅಂಥ ಪದವಿ ಮುಗಿಸಿದವರು ವಿಷಯದಲ್ಲಿ ನಿಪುಣರಾಗಿರುತ್ತಾರೆ, ಸಂಶೋಧನೆಗೆ ಹೋಗಬಹುದು, ಕ್ರೀಡಾ ತಂಡಗಳಲ್ಲಿ, ಆರೋಗ್ಯ ಯೋಜನೆಗಳಲ್ಲಿ ದುಡಿಯಬಹುದು, ಆದರೆ ಡಯಟೀಷಿಯನ್ ಎಂದು ಹೆಸರಿನ ಮುಂದೆ ಬರೆದುಕೊಳ್ಳಲು ಮತ್ತೊಂದು ಮಾನ್ಯತೆಯ ಕೋರ್ಸಿಗೆ ಸೇರಬೇಕಾಗುತ್ತದೆ. ವ್ಯಾಯಾಮದ ಕಡೆಯ ಬಾಗಿಲು ಬೇರೆ ರೀತಿಯದು. ಹೃದ್ರೋಗಿಗಳಿಗೆ ವ್ಯಾಯಾಮ ಮಾಡಿಸುವ ಕ್ಲಿನಿಕಲ್ ವ್ಯಾಯಾಮ ತಜ್ಞರ ಪ್ರಮಾಣಪತ್ರಕ್ಕೆ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್, ಆ ವಿಷಯದಲ್ಲಿ ಸ್ನಾತಕೋತ್ತರ ಓದಿದವರಿಂದ 600 ಗಂಟೆಗಳ ಕ್ಲಿನಿಕಲ್ ಅನುಭವವನ್ನೂ, ಸ್ನಾತಕ ಮಾತ್ರ ಓದಿದವರಿಂದ 1,200 ಗಂಟೆಗಳನ್ನೂ ಕೇಳುತ್ತದೆ.

ಕರ್ನಾಟಕದಿಂದ ನೋಡಿದಾಗ

ನಮ್ಮಲ್ಲಿ ಈ ಎರಡನ್ನೂ ಸಮವಾಗಿ ಬೆಸೆದ ಐದು ವರ್ಷದ ಪದವಿ ಇನ್ನೂ ವಿರಳ. ವಾಡಿಕೆಯ ದಾರಿ ಎಂದರೆ ಪೋಷಣೆ ಮತ್ತು ಪಥ್ಯಶಾಸ್ತ್ರ, ಗೃಹವಿಜ್ಞಾನ, ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನ ಇವುಗಳಲ್ಲಿ ಒಂದರಲ್ಲಿ ಬಿ.ಎಸ್ಸಿ. ಮುಗಿಸಿ, ಆಮೇಲೆ ಎಂ.ಎಸ್ಸಿ.ಯಲ್ಲಿ ಇನ್ನೊಂದರ ಕಡೆ ತಿರುಗುವುದು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕ್ರೀಡಾ ಪೋಷಣೆಯ ಎಂ.ಎಸ್ಸಿ. ಅಂಥ ಒಂದು ತಿರುವು. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ಕಾಯಿಲೆಯ ವಿಚಾರಣೆಗೆಂದು ರಾಬರ್ಟ್ ಮೆಕ್‌ಕ್ಯಾರಿಸನ್ ತೆರೆದ ಪುಟ್ಟ ಪ್ರಯೋಗಾಲಯ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು ಈ ಸಂಸ್ಥೆಯಾಯಿತು. ಕೆಲಸದ ಜಾಗಗಳಿಗೆ ಕರ್ನಾಟಕದಲ್ಲಿ ಕೊರತೆಯಿಲ್ಲ: ಬೆಂಗಳೂರಿನಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ, ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್, ಆಹಾರ ಸಂಶೋಧನೆಗೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ಮತ್ತು ಹಿಂದೆ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಎನ್ನುತ್ತಿದ್ದ ರಕ್ಷಣಾ ಸಂಶೋಧನಾ ಸಂಸ್ಥೆ.

ವರ್ಷ ಉಳಿಯುತ್ತದೆ ಎಂಬ ಮಾತನ್ನು ಇಲ್ಲಿ ಬೇರೆಯಾಗಿ ಲೆಕ್ಕ ಹಾಕಬೇಕು. ಅಮೆರಿಕದಲ್ಲಿ ನಾಲ್ಕು ಮತ್ತು ಎರಡು ಸೇರಿ ಆರಾಗುವುದು ಐದಕ್ಕೆ ಇಳಿಯುತ್ತದೆ. ಕರ್ನಾಟಕದಲ್ಲಿ ಮೂರು ವರ್ಷದ ಬಿ.ಎಸ್ಸಿ., ಎರಡು ವರ್ಷದ ಎಂ.ಎಸ್ಸಿ. ಎಂದರೆ ಮಾಮೂಲಿ ದಾರಿಯೇ ಐದು ವರ್ಷದ್ದು. ಆದ್ದರಿಂದ ಇಲ್ಲಿಯ ಐದು ವರ್ಷದ ಇಂಟಿಗ್ರೇಟೆಡ್ ಕೋರ್ಸು ಸಮಯವನ್ನೇನೂ ಉಳಿಸುವುದಿಲ್ಲ. ನಡುವೆ ಮತ್ತೊಮ್ಮೆ ಸೀಟು ಹುಡುಕುವ ತಾಪತ್ರಯವನ್ನು ಉಳಿಸುತ್ತದೆ, ಪಾಠಕ್ರಮಕ್ಕೆ ಒಂದು ಸಂಗತತೆಯನ್ನು ಕೊಡುತ್ತದೆ. ಮೂರು ವರ್ಷದ ಪದವಿ ಹಿಡಿದು ವಿದೇಶದ ಸ್ನಾತಕೋತ್ತರಕ್ಕೆ ಹೊರಡುವವರು, ಅದನ್ನು ನಾಲ್ಕು ವರ್ಷದ ಪದವಿಗೆ ಸಮವೆಂದು ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು.

ಮಾನ್ಯತೆಯ ವಿಷಯದಲ್ಲಿ ಭಾರತದ ವ್ಯವಸ್ಥೆ ಈಗಷ್ಟೇ ಆಕಾರ ಪಡೆಯುತ್ತಿದೆ. ಹಲವು ವರ್ಷಗಳಿಂದ ಭಾರತೀಯ ಪಥ್ಯಶಾಸ್ತ್ರ ಸಂಘ ತನ್ನದೇ ಪರೀಕ್ಷೆ ನಡೆಸಿ ನೋಂದಾಯಿತ ಡಯಟೀಷಿಯನ್ ಎಂಬ ಹೆಸರು ಕೊಡುತ್ತ ಬಂದಿದೆ. 2021ರಲ್ಲಿ ಬಂದ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆ ಈ ಕ್ಷೇತ್ರಕ್ಕೆ ಮೊದಲ ಬಾರಿಗೆ ಕಾನೂನಿನ ಚೌಕಟ್ಟು ಕೊಟ್ಟಿತು. ಅದರ ಅನುಸೂಚಿಯಲ್ಲಿ ಡಯಟೀಷಿಯನ್ ಜೊತೆಗೆ ಕ್ರೀಡಾ ಪೋಷಣಾ ತಜ್ಞರ ಹೆಸರೂ ಇದೆ. ಆರೋಗ್ಯ ಸೇವಾ ವೃತ್ತಿಪರ ಎನಿಸಿಕೊಳ್ಳಲು ಮೂರರಿಂದ ಆರು ವರ್ಷಗಳಲ್ಲಿ ಹರಡಿದ ಕನಿಷ್ಠ 3,600 ಗಂಟೆಗಳ ಪದವಿ ಬೇಕು ಎಂದು ಅದು ಹೇಳುತ್ತದೆ. ಆನ್‌ಲೈನ್ ಪದವಿಗಳನ್ನು ನಿಲ್ಲಿಸಿದ ಯುಜಿಸಿಯ ಸೂಚನೆಯೂ ಈ ಕಾಯ್ದೆಯನ್ನೇ ಆಧರಿಸಿದೆ. ಮುಖವಾಡ ತೊಟ್ಟು ಓಡುವವನ ಉಸಿರನ್ನು ಅಳೆಯುವುದು, ರೋಗಿಯ ಎದುರು ಕೂತು ಮುದ್ದೆಯ ಗಾತ್ರವನ್ನು ಕೇಳಿ ತಿಳಿಯುವುದು ಮೊಬೈಲಿನ ಪರದೆಯ ಮೇಲೆ ಕಲಿಯುವ ಕೆಲಸಗಳಲ್ಲ. ಕೆಲವೇ ವಾರಗಳ ಆನ್‌ಲೈನ್ ‘ನ್ಯೂಟ್ರಿಷನ್ ಕೋಚ್’ ಪ್ರಮಾಣಪತ್ರ ಪದವಿಯೇ ಅಲ್ಲ. ಅದನ್ನು ಈ 3,600 ಗಂಟೆಗಳ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ನಡುವೆ ಬಿಡಬೇಕಾಗಿ ಬಂದರೆ

ಐದು ವರ್ಷ ದೀರ್ಘ ಕಾಲ. ಮನೆಯ ಪರಿಸ್ಥಿತಿ, ಆರೋಗ್ಯ, ಅಥವಾ ಬರೀ ಮನಸ್ಸು ಬದಲಾಗಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸುವ ಸಂಸ್ಥೆಗಳಲ್ಲಿ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ ಪಡೆದು ಹೊರಬರುವ ಅವಕಾಶವಿದ್ದು, ಗಳಿಸಿದ ಕ್ರೆಡಿಟ್‌ಗಳು ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಖಾತೆಯಲ್ಲಿ ಉಳಿಯುತ್ತವೆ. ಅಮೆರಿಕದ ಜೋಡಿ ಪದವಿಗಳಲ್ಲಿ ಇದಕ್ಕೆ ಒಂದೇ ನಿಯಮವಿಲ್ಲ. ಕೆಲವು ಕಡೆ ನಾಲ್ಕನೆಯ ವರ್ಷದ ಕೊನೆಗೆ ಸ್ನಾತಕ ಪದವಿಯನ್ನು ಕೈಗೆ ಕೊಡುತ್ತಾರೆ. ಇನ್ನು ಕೆಲವು ಕಡೆ ಐದನೆಯ ವರ್ಷ ಮುಗಿದ ಮೇಲೆ ಎರಡನ್ನೂ ಒಟ್ಟಿಗೆ ಕೊಡುತ್ತಾರೆ, ಅಲ್ಲಿಯವರೆಗೆ ವಿದ್ಯಾರ್ಥಿ ಕಾಗದದ ಮೇಲೆ ಪಿಯುಸಿ ಪಾಸಾದವನಾಗಿಯೇ ಇರುತ್ತಾನೆ. ಎರಡನೆಯ ಬಗೆಯಲ್ಲಿ ನಾಲ್ಕೂವರೆ ವರ್ಷ ಓದಿ ಬಿಟ್ಟವರು, ಹಂಚಿಕೆಯ 12 ಕ್ರೆಡಿಟ್‌ಗಳನ್ನು ಸ್ನಾತಕದ ಲೆಕ್ಕಕ್ಕೆ ಮಾತ್ರ ತಿರುಗಿಸಿ ಆ ಒಂದು ಪದವಿಯನ್ನಾದರೂ ಪಡೆಯಬಹುದೇ ಎಂಬುದಕ್ಕೆ ಆಯಾ ವಿಶ್ವವಿದ್ಯಾಲಯದ ನಿಯಮ ಪುಸ್ತಕದಲ್ಲಿ ಉತ್ತರವಿರುತ್ತದೆ. ಅದನ್ನು ಮೂರನೆಯ ವರ್ಷದಲ್ಲಿ ಅರ್ಜಿ ಹಾಕುವ ಮೊದಲೇ ಬರಹದಲ್ಲಿ ಕೇಳಿ ಪಡೆದಿಟ್ಟುಕೊಳ್ಳಬಹುದು.